ಈಟಿ ಹಿಡಿದ ಸಾಕುತಾಯಿ

ಜಪಾನೀಯರು ‘ಅನಿಮೆ’ ಎಂದು ಕರೆಯುವ ಚಿತ್ರಮಾಲೆಗಳ ಹೆಸರೆತ್ತಿದೊಡನೆ ನಮ್ಮ ಮನೆಗಳ ಹಿರಿಯರು ಮೂಗು ಮುರಿಯುವುದುಂಟು. ಅಗಲಗಣ್ಣಿನ ಹುಡುಗರು, ಕಿರುಚಾಟ, ತುದಿಮೊದಲಿಲ್ಲದ ಕಾಳಗ, ಇವುಗಳಲ್ಲಿ ನೋಡತಕ್ಕುದು ಏನಿದೆ ಎಂಬುದು ಅವರ ಆಕ್ಷೇಪಣೆ. ಅದು ಪೂರ್ತಿ ನಿರಾಧಾರವಾದುದೆಂದು ನಾನು ವಾದಿಸಲಾರೆ. ಆದರೆ ಆ ಗದ್ದಲದಲ್ಲಿ ದನಿಯಡಗಿಹೋದ ಕೃತಿಯೊಂದುಂಟು. ಈ ತಿಂಗಳು ಅದನ್ನು ವಾಚಕರ ಮುಂದಿಡುತ್ತೇನೆ. ‘ಸೇರೇ ನೊ ಮೊರಿಬಿಟೊ’ ಎಂದು ಅದರ ಹೆಸರು. ಚೇತನವನ್ನು ಕಾಯುವವರು ಎಂದು ನಮ್ಮ ಮಾತಿನಲ್ಲಿ ಹೇಳಬಹುದು.

2007ನೆಯ ಇಸವಿಯ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಜಪಾನಿನ ಎನ್‌ಎಚ್‌ಕೆ ಪ್ರಸಾರಸಂಸ್ಥೆಯು ಇದರ 26 ಕಂತುಗಳನ್ನು ಬಿತ್ತರಿಸಿತು. ನಿರ್ದೇಶಕರು ಕೆಂಜಿ ಕಾಮಿಯಾಮ. ಚಿತ್ರಗಳನ್ನು ರಚಿಸಿದವರು ಪ್ರೊಡಕ್ಷನ್ ಐ.ಜಿ. ಎಂಬ ಸಂಸ್ಥೆಯವರು. ಅದೇ ವರ್ಷದ ಫೆಬ್ರವರಿಯಲ್ಲಿ ಮೊದಲಾದ ‘ನರುಟೊ ಶಿಪ್ಪೂಡೆನ್’ 2017ರ ವರೆಗೆ 500 ಕಂತುಗಳಷ್ಟು ನಡೆದು ಲೋಕದ ಮಕ್ಕಳ ನಾಲಗೆಯ ಮೇಲೆ ನಿಂತಿತು. ನಮ್ಮ ಕೃತಿಯು ಆರು ತಿಂಗಳಲ್ಲಿ ತನ್ನ ಮಾತನ್ನು ಮುಗಿಸಿ ಸುಮ್ಮನಾಯಿತು.

ಕಥೆ ಹೀಗಿದೆ. ನವಯೋಗೊ ಎಂಬ ಕಲ್ಪಿತ ಸಾಮ್ರಾಜ್ಯದ ಎರಡನೆಯ ರಾಜಕುಮಾರ ಚಗುಮ್. ಆ ಬಾಲಕನ ಮೈಯಲ್ಲಿ ಜಲಪಿಶಾಚಿ ಹೊಕ್ಕಿದೆಯೆಂದು ನಂಬಿದ ಚಕ್ರವರ್ತಿಯು, ರಾಜವಂಶಕ್ಕೆ ಕಳಂಕ ಬಾರದಿರಲೆಂದು, ಮಗನನ್ನು ಗುಟ್ಟಾಗಿ ಕೊಲ್ಲಿಸಲು ಹವಣಿಸುತ್ತಾನೆ. ಹೊಳೆಗೆ ಬಿದ್ದ ಹುಡುಗನನ್ನು ದಾರಿಹೋಕಳೊಬ್ಬಳು ಉಳಿಸುತ್ತಾಳೆ. ತಾಯಿಯಾದ ಎರಡನೆಯ ರಾಣಿಯು ಅವಳನ್ನು ಅರಮನೆಗೆ ಕರೆಸಿಕೊಂಡು, ಈ ಮಗುವನ್ನು ಎತ್ತಿಕೊಂಡು ಓಡಿಹೋಗು ಎಂದು ಅಂಗಲಾಚುತ್ತಾಳೆ. ಆ ದಾರಿಹೋಕಳೇ ಬಾಲ್ಸಾ. ಕೂಲಿಗೆ ಮೈಗಾವಲು ಕಾಯುವ ಈಟಿಗಾತಿ, ವಯಸ್ಸು ಮೂವತ್ತು.

ಮೂವತ್ತರ ಹೆಂಗಸೊಬ್ಬಳು ಸಾಹಸಕಥೆಯ ನಾಯಿಕೆಯಾಗುವುದೇ ಈ ಚಿತ್ರಗಳಲ್ಲಿ ಅಪರೂಪ. ಇವಳ ವಿಶೇಷ ಅಷ್ಟಕ್ಕೇ ಮುಗಿಯುವುದಿಲ್ಲ. ಬಾಲ್ಸಾಳ ತಂದೆ ಕಂಬಲ್ ದೇಶದ ರಾಜವೈದ್ಯನಾಗಿದ್ದನು. ರಾಜನಿಗೆ ವಿಷವಿಕ್ಕುವಂತೆ ರಾಜನ ತಮ್ಮನೇ ಅವನನ್ನು ಬಲಾತ್ಕರಿಸಿದನು. ಮಗಳಾದರೂ ಬದುಕಲೆಂದು ಆತನು ಆರು ವರ್ಷದ ಹುಡುಗಿಯನ್ನು ಗೆಳೆಯ ಜಿಗುರೊನ ಕೈಗೆ ಒಪ್ಪಿಸಿದನು. ಬೆನ್ನಟ್ಟಿ ಬಂದವರು ಪರಕೀಯರಲ್ಲ, ಜಿಗುರೊನ ಒಡನಾಡಿಗಳಾದ ಈಟಿಗಾರರು. ಒಬ್ಬೊಬ್ಬರಾಗಿ ಎಂಟು ಮಂದಿ ಗೆಳೆಯರನ್ನು ಅವನು ತನ್ನ ಕೈಯಾರೆ ಕೊಲ್ಲಬೇಕಾಯಿತು. ಆ ಎಂಟಕ್ಕೆ ಪ್ರತಿಯಾಗಿ ಎಂಟು ಪ್ರಾಣಗಳನ್ನು ಉಳಿಸುವೆನೆಂಬುದು ಬಾಲ್ಸಾಳ ವ್ರತ. ಆದುದರಿಂದಲೇ ಅವಳು ಕೊಲ್ಲುವುದಿಲ್ಲ. ರಾತ್ರಿಯ ಗದ್ದೆಯ ಬಯಲಿನಲ್ಲಿ ಅರಮನೆಯ ಗುಪ್ತಭಟರು ಅವಳನ್ನು ಮುತ್ತುವ ಪ್ರಸಂಗವನ್ನು ನೋಡಬೇಕು. ಕೊಂದು ಪಾರಾಗುವುದು ಸುಲಭ. ಕೊಲ್ಲದೆ ಪಾರಾಗಬೇಕಾದುದರಿಂದ ಆಯುಧದ ಏಟುಗಳನ್ನು ಅವಳು ತನ್ನ ಮೈಯಲ್ಲಿ ತೆಗೆದುಕೊಳ್ಳುತ್ತಾಳೆ. ವ್ರತದ ವೆಚ್ಚವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕಾಳಗವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆ ಬಳಿಕ ಬಹಳ ಕಂತುಗಳವರೆಗೆ ದೊಡ್ಡ ಯುದ್ಧವೇ ಇಲ್ಲ! ಹಲವರು ನೋಡುವುದನ್ನು ಬಿಟ್ಟದ್ದು ಇಲ್ಲಿಯೇ ಇರಬೇಕು. ನನಗಾದರೋ ಈ ಭಾಗವೇ ಅಚ್ಚುಮೆಚ್ಚು. ಇಬ್ಬರೂ ಸತ್ತರೆಂದು ಅರಮನೆಯವರು ನಂಬಿರಲು, ಅವರು ಕೆಳಪೇಟೆಯ ನೀರುಗಿರಣಿಯ ಮನೆಯಲ್ಲಿ ಮರೆಯಾಗಿ ಸಂಸಾರ ಹೂಡುತ್ತಾರೆ. ನೆಲದ ಮೇಲೆ ಕಾಲಿಡದೆ ಬೆಳೆದ ಹುಡುಗನು ಬಡವರ ಊಟವನ್ನೂ ಬಡವರ ಮಾತನ್ನೂ ಕಲಿಯುತ್ತಾನೆ. ಬೀದಿಯ ಜೂಜುಗಾರನ ದಾಳದ ಮೋಸವನ್ನು ಕಂಡುಹಿಡಿಯುತ್ತಾನೆ. ಕಮ್ಮಾರನ ಮನೆಯ ಕಂತಂತೂ ಒಂದು ರತ್ನ. ಬಾಲ್ಸಾ ಈಟಿಯನ್ನು ಸರಿಮಾಡಿಸಲು ಬಂದು ಒಳಗಿರುವಾಗಲೇ, ಅವಳನ್ನು ಅಟ್ಟಿದ ಭಟರು ಅದೇ ಕಮ್ಮಾರನಲ್ಲಿಗೆ ಬರುತ್ತಾರೆ. ಅಲ್ಲಿ ಕತ್ತಿ ಒರೆಯಿಂದ ಹೊರಡುವುದಿಲ್ಲ, ಬರಿಯ ಮಾತುಕತೆ. ಆದರೂ ಉಸಿರು ಬಿಗಿಹಿಡಿದೇ ಕೇಳಬೇಕು. ಹುಡುಗನು ದಿನದಿನಕ್ಕೆ ಹತ್ತಿರವಾದಂತೆಲ್ಲ ಬಾಲ್ಸಾಳಿಗೆ ಜಿಗುರೊನ ನೆನಪು ಹೊಸದಾಗುತ್ತದೆ. ತನ್ನನ್ನು ಹೊತ್ತು ತಿರುಗಿದವನ ಬಾಳು ಹಾಳಾಯಿತೆಂದೇ ಅವಳು ಇಷ್ಟು ದಿನ ಲೆಕ್ಕ ಹಾಕಿದ್ದಳು. ಈಗ ತಾನೂ ಒಂದು ಮಗುವನ್ನು ಹೊತ್ತಿದ್ದಾಳೆ. ಆ ಲೆಕ್ಕ ತಪ್ಪಿರಬಹುದೇ ಎಂಬ ಸಂಶಯ ಮೂಡುತ್ತದೆ.

ಇದರ ಮೂಲವು ನಹೊಕೊ ಉಯೆಹಾಶಿಯವರು 1996ರಲ್ಲಿ ಪ್ರಕಟಿಸಿದ ಕಾದಂಬರಿ. ಆಕೆ ಮಾನವಶಾಸ್ತ್ರಜ್ಞೆ, ಆಸ್ಟ್ರೇಲಿಯದ ಮೂಲನಿವಾಸಿಗಳ ನಡುವೆ ಅಧ್ಯಯನ ಮಾಡಿದವರು. 2014ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿಯು ಇವರಿಗೆ ಸಂದಿತು. ಆ ಅಧ್ಯಯನದ ಫಲವು ಕಥೆಯಲ್ಲಿ ಎದ್ದುಕಾಣುತ್ತದೆ. ವಂಶದ ಮೂಲಪುರುಷನು ಜಲಪಿಶಾಚಿಯನ್ನು ಸಂಹರಿಸಿದನೆಂದು ಅರಮನೆಯ ಇತಿಹಾಸ ಹೇಳುತ್ತದೆ. ಆ ನೆಲದ ಹಿಂದಿನ ನಿವಾಸಿಗಳಾದ ಯಾಕೂ ಜನರ ಹೇಳಿಕೆ ಬೇರೆ: ಅದು ಪಿಶಾಚಿಯಲ್ಲ, ಮಳೆ ತರುವ ಜಲಚೇತನದ ಮೊಟ್ಟೆ, ನೂರು ವರ್ಷಕ್ಕೊಮ್ಮೆ ಒಂದು ಮಗುವಿನ ಮೈಯಲ್ಲಿ ನೆಲಸುವುದು, ಅದು ನಾಶವಾದರೆ ಬರಗಾಲ. ಯಾಕೂ ಜನರೂ ಆ ಕಥೆಯ ಅರ್ಧವನ್ನು ಮರೆತಿದ್ದಾರೆ. ಮಾಟಗಾತಿ ತೊರೊಗಾಯ್ ಬೆಟ್ಟದ ಕಡೆಯಿಂದಲೂ, ಜೋಯಿಸ ಶುಗಾ ಅರಮನೆಯ ಗುಪ್ತ ಶಿಲಾಲೇಖಗಳ ಕಡೆಯಿಂದಲೂ ಹುಡುಕುತ್ತ ಬಂದು ಒಂದೇ ನಿಜವನ್ನು ಮುಟ್ಟುತ್ತಾರೆ.

ದೋಷವಿಲ್ಲವೆಂದಲ್ಲ. ಮೊಟ್ಟೆಯನ್ನು ನುಂಗಲು ಬರುವ ಕೊನೆಯ ರಾಕ್ಷಸಜೀವಿಯು ಅಷ್ಟೇನೂ ಹೊಸದಲ್ಲ. ನಡುವೆ ಒಂದೆರಡು ಕಂತುಗಳನ್ನು ಕುಗ್ಗಿಸಬಹುದಾಗಿತ್ತು. ತೀರ ಎಳೆಯ ಮಕ್ಕಳು ಮೊದಲ ಕಾಳಗಕ್ಕೆ ಹೆದರಬಹುದು. ಹತ್ತು ಹನ್ನೊಂದು ವರ್ಷದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವುದು ಲೇಸು.

ಕೊನೆಗೆ ಅಣ್ಣನು ತೀರಿಕೊಂಡುದರಿಂದ ಚಗುಮ್‌ನೇ ಯುವರಾಜ. ತನ್ನನ್ನು ಕೊಲ್ಲಲು ಆಜ್ಞೆಯಿತ್ತ ತಂದೆಯ ಮನೆಗೇ ಅವನು ಮರಳಬೇಕು. ಅಲ್ಲಿಂದ ಮುಂದೆ ಅವನ ಮೈಗಾವಲಿಗೆ ಭಟರ ಪಡೆಯೇ ಉಂಟು. ಬಾಲ್ಸಾ ಈಟಿಯನ್ನು ಹೆಗಲಿಗೇರಿಸಿ, ಜಿಗುರೊನ ಸಾವಿನ ಸುದ್ದಿಯನ್ನು ಅವನ ಬಂಧುಗಳಿಗೆ ತಲಪಿಸಲು, ಬೆಟ್ಟಗಳಾಚೆಯ ಕಂಬಲ್ಲಿನ ದಾರಿ ಹಿಡಿಯುತ್ತಾಳೆ.