ಗದ್ದೆಯಿಲ್ಲದ ಊರಿನ ಅಕ್ಕಿರೊಟ್ಟಿ

ಡಿಸೆಂಬರ್ ಬಂತೆಂದರೆ ಮೂಡಿಗೆರೆಯಿಂದ ಕಳಸದವರೆಗಿನ ರಸ್ತೆಗಳಲ್ಲಿ ಹೊರ ಜಿಲ್ಲೆಗಳ ವಾಹನಗಳು ಸಾಲುಗಟ್ಟುತ್ತವೆ. ಕ್ರಿಸ್‌ಮಸ್ ರಜೆಯಿಂದ ಸಂಕ್ರಾಂತಿಯವರೆಗೆ ಮುಳ್ಳಯ್ಯನಗಿರಿ, ಎತ್ತಿನಭುಜ, ಕುದುರೆಮುಖದ ನೆತ್ತಿಗಳನ್ನು ಏರುವುದು, ಇಳಿದು ಬಂದು ಹೋಂಸ್ಟೇಯಲ್ಲಿ ‘ಅಪ್ಪಟ ಮಲೆನಾಡ ಊಟ’ ಮಾಡುವುದು ನಗರವಾಸಿಗಳ ಚಳಿಗಾಲದ ವ್ರತವೇ ಆಗಿಬಿಟ್ಟಿದೆ. ಬೆಟ್ಟ ಹತ್ತುವುದು ಅಪರಾಧವಲ್ಲ. ಪರಊರಿನ ಅಡುಗೆಯ ರುಚಿ ನೋಡುವ ಆಸೆಯೂ ತಪ್ಪಲ್ಲ. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರೆಲ್ಲರಿಗೂ ಊಟ ಬಡಿಸುವ ಸೀಮೆಯಿದು. ಆದರೆ ಮಾರಾಟಕ್ಕಿಟ್ಟ ಈ ಊಟ ಯಾವ ನೆಲದ್ದು, ಈ ಚಾರಣ ಯಾರ ನೆಲದ ಮೇಲೆ ಎಂಬ ಪ್ರಶ್ನೆಗಳನ್ನು ಕೇಳದೆ ಬಿಡಲಾಗದು.

ಚಳಿಗಾಲಕ್ಕೆ ಬಂದ ಅತಿಥಿ ಕಳಲೆಯ ಪಲ್ಯ, ಅಣಬೆ ಸಾರು, ಪತ್ರೊಡೆ ಕೇಳುತ್ತಾನೆ. ಕಳಲೆ ಮೂಡುವುದು ಮಳೆಗಾಲದಲ್ಲಿ. ಅಣಬೆ ಏಳುವುದು ಗುಡುಗು ಮಳೆಗೆ. ಕೆಸುವಿನ ಎಲೆ ಹದವಾಗಿರುವುದು ಆಷಾಢ ಶ್ರಾವಣಗಳಲ್ಲಿ. ಚಳಿಗಾಲದ ಊಟವೇ ಬೇರೆ: ಕೊಯ್ಲು ಮುಗಿದ ಹೊಸ ಅಕ್ಕಿಯ ಕಡುಬು, ಕೆಂಡದ ಮೇಲೆ ಉಬ್ಬಿದ ರೊಟ್ಟಿ, ಆಲೆಮನೆಯ ಜೋನಿಬೆಲ್ಲ, ಅವರೆಕಾಳಿನ ಸಾರು, ತೋಟದ ಕಿತ್ತಳೆ, ಬೆಲ್ಲದ ಕಾಫಿ. ಇವನ್ನು ಬಡಿಸುವ ಮನೆಗಳು ಇನ್ನೂ ಇವೆ, ಅವಕ್ಕೆ ಗೌರವ ಸಲ್ಲಬೇಕು. ಉಳಿದೆಡೆ ತಟ್ಟೆಗೆ ಬೀಳುವುದು ಡಬ್ಬಿಯ ಅಣಬೆ, ಪನೀರು, ಮತ್ತು ಚೀನಾದ ಹೆಸರು ಹೊತ್ತು ಚೀನಾದವರೇ ಕಾಣದ ಗೋಬಿ ಮಂಚೂರಿ. ಮೂಲೆಯಲ್ಲಿ ಸಾಕ್ಷಿಗೆಂಬಂತೆ ಒಂದು ಅಕ್ಕಿರೊಟ್ಟಿ.

ಆ ರೊಟ್ಟಿಯ ಅಕ್ಕಿಯೂ ಬಹುಪಾಲು ಬಯಲುಸೀಮೆಯಿಂದ ಮೂಟೆಯಲ್ಲಿ ಬಂದದ್ದು. ಕೂಲಿ ಸಿಗದೆ, ಬೆಲೆ ಸಿಗದೆ, ಆನೆ, ಕಾಡುಕೋಣ, ಹಂದಿಗಳ ಹಾವಳಿ ತಾಳಲಾರದೆ ರೈತರು ಗದ್ದೆ ಬಿಟ್ಟರು. ಕೆಲವು ಗದ್ದೆಗಳು ಅಡಿಕೆ ತೋಟಗಳಾದವು, ಕೆಲವು ಹಡಿಲು ಬಿದ್ದವು. ರಸ್ತೆ ಪಕ್ಕದವುಗಳ ಮೇಲೆ ಮಣ್ಣು ಸುರಿದು ಕಾಟೇಜುಗಳನ್ನು, ವಾಹನ ನಿಲ್ದಾಣಗಳನ್ನು ಕಟ್ಟಲಾಯಿತು. ಮಳೆಗಾಲವಿಡೀ ನೀರು ನಿಲ್ಲಿಸಿಕೊಂಡು ಕೆಳಗಿನ ಬಾವಿಗೂ ಹಳ್ಳಕ್ಕೂ ಇಂಗಿಸುತ್ತಿದ್ದ ನೆಲ ಅದು. ಗದ್ದೆ ಮುಚ್ಚಿದವರೇ ಗೋಡೆಯ ಮೇಲೆ ನೇಗಿಲು, ನೊಗಗಳನ್ನು ಅಲಂಕಾರಕ್ಕೆ ತೂಗುಹಾಕಿ ‘ಮಲೆನಾಡ ಸಂಸ್ಕೃತಿ’ ಎಂದು ದರ ಹೇಳುತ್ತಿದ್ದಾರೆ. ಇದಕ್ಕಿಂತ ದೊಡ್ಡ ಅಣಕ ಬೇರೆ ಬೇಕೆ? ನವೆಂಬರಿನಿಂದ ಜನವರಿಯವರೆಗೆ ಅರೇಬಿಕಾ ಹಣ್ಣು ಕೊಯ್ಯುವ ಆಳುಗಳ ಲೈನ್ ಮನೆಗಳ ಒಲೆಯಲ್ಲಿ ಏನು ಬೇಯುತ್ತದೆಂಬುದು ಮಾತ್ರ ಯಾವ ಪ್ರವಾಸಿಗೂ ಹೊಳೆಯದ ಪ್ರಶ್ನೆ.

ಚಾರಣದ ಮಾತು ಇನ್ನೂ ಕಹಿಯಾದದ್ದು. ಕುದುರೆಮುಖವು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದದ್ದು 1987ರಲ್ಲಿ. ಅಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತದ್ದು, ಜನರ ಹೋರಾಟ ಮತ್ತು ಸುಪ್ರೀಂ ಕೋರ್ಟಿನ ಆದೇಶದ ಬಲದಿಂದ, 2005ರ ಕೊನೆಗೆ. ಅಷ್ಟು ವರ್ಷ ಗುಡ್ಡವನ್ನೇ ಕರಗಿಸಿದ ಕಂಪನಿಯನ್ನು ಸಹಿಸಿದ ವ್ಯವಸ್ಥೆ, ಒಳಗಿನ ಹಳ್ಳಿಯ ಹೆಂಗಸು ಒಂದು ಹೊರೆ ಸೌದೆ ತಂದರೆ, ಒಂದು ಬುಟ್ಟಿ ಸೀಗೆ ಆಯ್ದರೆ ಕಾನೂನನ್ನು ತೋರಿಸುತ್ತದೆ. ಅದೇ ಹಳ್ಳಿಯ ಅಂಗಳದಿಂದ ಶುಲ್ಕ ಕಟ್ಟಿದವರ ತಂಡ ಶಿಖರದತ್ತ ಹೊರಡುತ್ತದೆ. ಕಾಡು ಕಾಯಲೆಂದು ಊರವರ ಕಾಲು ಕಟ್ಟಿ, ಪರಊರಿನವರ ಬೂಟುಗಳಿಗೆ ದಾರಿ ಬಿಡುವುದು ಯಾವ ನ್ಯಾಯ?

2024ರ ಜನವರಿಯ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿಯಿಲ್ಲದ ಚಾರಣಪಥಗಳನ್ನು ತಾತ್ಕಾಲಿಕವಾಗಿ ಮುಚ್ಚಿತು. ಅದೇ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಬಂತು. ದಿನಕ್ಕೆ ಗರಿಷ್ಠ 300 ಮಂದಿ ಎಂಬ ಮಿತಿ ಬಂತು. 2025ರ ಸೆಪ್ಟೆಂಬರಿನಲ್ಲಿ ಮುಳ್ಳಯ್ಯನಗಿರಿಯ ಗಿರಿಶ್ರೇಣಿಗೆ ಬೆಳಗ್ಗೆ 600, ಮಧ್ಯಾಹ್ನ 600 ವಾಹನಗಳೆಂದು ಜಿಲ್ಲಾಡಳಿತ ಗೊತ್ತುಪಡಿಸಿತು. ಮಿತಿಯಿಲ್ಲದ್ದಕ್ಕಿಂತ ಇದು ಮೇಲು, ಒಪ್ಪಬೇಕು. ಆದರೆ ಇಕ್ಕಟ್ಟಾದ ಘಾಟಿ ರಸ್ತೆಗೆ ದಿನಕ್ಕೆ 1,200 ವಾಹನಗಳನ್ನು ಬಿಡುವುದಕ್ಕೂ ನಿರ್ಬಂಧವೆಂಬ ಹೆಸರು!

ಜನವರಿಯ ಹೊತ್ತಿಗೆ ಗುಡ್ಡದ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಛಾಯಾಚಿತ್ರಕ್ಕೆ ಸೊಗಸು, ಬೆಂಕಿಗೂ ಅಷ್ಟೇ ಅನುಕೂಲ. ಚಳಿ ಕಾಯಿಸಲು ಹಾಕಿದ ಒಂದು ಕ್ಯಾಂಪ್‌ಫೈರ್ ಗಾಳಿಗೆ ಸಿಕ್ಕಿದರೆ ಕಣಿವೆಯ ಶೋಲಾ ಕಾಡಿನ ಅಂಚಿಗೆ ತಲುಪಲು ಹೆಚ್ಚು ಹೊತ್ತು ಬೇಡ. ಹುಲ್ಲು ಮುಂದಿನ ಮಳೆಗೆ ಚಿಗುರುತ್ತದೆ. ಶೋಲಾ ಹಾಗೆ ಮರಳುವುದಿಲ್ಲ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆ, ನೇತ್ರಾವತಿಯರ ಬೇಸಗೆಯ ಹರಿವು ನಿಂತಿರುವುದು ಇಂತಹ ಹುಲ್ಲುಗಾವಲು ಮತ್ತು ಶೋಲಾಗಳು ಹಿಡಿದಿಟ್ಟ ನೀರಿನ ಮೇಲೆ.

ಮುಂದಿನ ಗ್ರಾಮಸಭೆಯಲ್ಲಿ ಗ್ರಾಮಸ್ಥರೂ ಕಾಲೇಜು ವಿದ್ಯಾರ್ಥಿಗಳೂ ಈ ಪ್ರಶ್ನೆಗಳನ್ನು ಎತ್ತಿ ಕಡತಕ್ಕೆ ಸೇರಿಸಬೇಕು: ಚಾರಣ ಶುಲ್ಕದಲ್ಲಿ ಊರಿನ ಪಾಲೆಷ್ಟು? ಮಾರ್ಗದರ್ಶಕರಲ್ಲಿ ಊರಿನವರೆಷ್ಟು? ಪಂಚಾಯಿತಿಯ ಎಲ್ಲೆಯೊಳಗೆ ಎಷ್ಟು ಹೋಂಸ್ಟೇಗಳು ನೋಂದಣಿಯಾಗಿವೆ, ಅವುಗಳ ಕಸ ಯಾವ ಹಳ್ಳಕ್ಕೆ ಬೀಳುತ್ತಿದೆ? ಇನ್ನೂ ನಾಟಿ ಮಾಡುವ ರೈತನಿಂದಲೇ ಅಕ್ಕಿ ಕೊಳ್ಳಬೇಕೆಂದು ಅವುಗಳಿಗೆ ಹೇಳುವವರು ಯಾರು? ಉತ್ತರ ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿ ಬರಲಿ.