ಉದ್ದದ ಲಾರಿಗೆ ಪರ್ಮಿಷನ್ ಇದೆ, ಟಿಪ್ಪರ್‌ಗೆ?

ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿ ಕಡೆ ಹೋಗುವವರಿಗೆ ಹಿರಿಯೂರು, ಚಿತ್ರದುರ್ಗದ ಆಸುಪಾಸಲ್ಲಿ ಆ ದೃಶ್ಯ ಆಗಾಗ ಸಿಗುತ್ತೆ. ರಸ್ತೆ ಬದಿಯಲ್ಲಿ ನಿಂತ ಲಾರಿ, ಅದರ ಬೆನ್ನ ಮೇಲೆ ವಿಂಡ್‌ಮಿಲ್‌ನ ಬಿಳಿ ರೆಕ್ಕೆ. ಬಸ್ಸು ದಾಟುತ್ತಲೇ ಇರುತ್ತೆ, ರೆಕ್ಕೆ ಮುಗಿಯೋದೇ ಇಲ್ಲ. ಕಿಟಕಿ ಪಕ್ಕದವರೆಲ್ಲ ಫೋನ್ ಎತ್ತುತ್ತಾರೆ. ‘ಇಂಥದ್ದನ್ನೆಲ್ಲ ರೋಡಲ್ಲಿ ಬಿಡ್ತಾರಲ್ಲ, ಕೇಳೋರೇ ಇಲ್ವಾ’ ಅನ್ನುವ ಒಬ್ಬರಾದರೂ ಇರುತ್ತಾರೆ.

ಕೇಳೋರು ಇದ್ದಾರೆ. ಆ ಲಾರಿಯಷ್ಟು ಪ್ರಶ್ನೆಗಳಿಗೆ ಉತ್ತರ ಕೊಟ್ಟು ರಸ್ತೆಗೆ ಬಂದ ಗಾಡಿ ಆ ಹೆದ್ದಾರಿಯಲ್ಲಿ ಇನ್ನೊಂದಿರಲಿಕ್ಕಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮಾಮೂಲಿ ಲಾರಿಯ ಅಗಲ 2.6 ಮೀಟರ್ ದಾಟುವಂತಿಲ್ಲ. ಎತ್ತರ 4 ಮೀಟರ್. ಟ್ರೇಲರ್ ಇಲ್ಲದ ಲಾರಿಗೆ ಉದ್ದ 12 ಮೀಟರ್. ತೂಕಕ್ಕೂ ಮಿತಿ ಇದೆ. 2018ರಲ್ಲಿ ಕೇಂದ್ರ ಸರ್ಕಾರ ಆ ಮಿತಿಯನ್ನು ಹೆಚ್ಚಿಸಿದ ಮೇಲೂ ದೊಡ್ಡ ಟ್ರೇಲರ್ ಲಾರಿ ಸರಕು ಸೇರಿ 55 ಟನ್ ಮೀರಬಾರದು. ಇದನ್ನು ದಾಟಿದ ಸರಕನ್ನು ಟ್ರಾನ್ಸ್‌ಪೋರ್ಟ್‌ನವರು ‘ಓಡಿಸಿ’ ಅಂತಾರೆ, ಓವರ್ ಡೈಮೆನ್ಷನಲ್ ಕಾರ್ಗೊ. ಅದಕ್ಕೆ ಬೇರೆ ಅನುಮತಿ ಬೇಕು. ಅನುಮತಿಯ ಹಿಂದಿನ ಪ್ರಶ್ನೆ ಬಹಳ ಸರಳ: ಇದನ್ನು ಬಿಡಿಸಿ ಎರಡು ಲಾರಿಯಲ್ಲಿ ಒಯ್ಯೋಕಾಗುತ್ತಾ? ಟ್ರಾನ್ಸ್‌ಫಾರ್ಮರ್ ಆಗಲ್ಲ. ವಿಂಡ್‌ಮಿಲ್ ರೆಕ್ಕೆ ಆಗಲ್ಲ. ಮರಳು, ಜಲ್ಲಿ, ಸಿಮೆಂಟ್ ಆಗುತ್ತೆ. ಆಗೋದಕ್ಕೆ ವಿನಾಯಿತಿ ಇಲ್ಲ. ಇಷ್ಟೇ ತತ್ವ.

ಬೆಂಗಳೂರಿನವರಿಗೆ ನೆನಪಿರಬಹುದು, ಈಜಿಪುರದ ಕೋದಂಡರಾಮಸ್ವಾಮಿ ದೇವಸ್ಥಾನಕ್ಕೆ ಬಂದ ಆ ಭಾರಿ ವಿಷ್ಣು ವಿಗ್ರಹದ ಕಲ್ಲು. ತಮಿಳುನಾಡಿನ ವಂದವಾಸಿ ಹತ್ತಿರದ ಕೊರಕೋಟೆಯಿಂದ 2018ರ ಡಿಸೆಂಬರ್‌ನಲ್ಲಿ ಹೊರಟಿತು. ತೂಕ 300 ಟನ್‌ಗೂ ಹೆಚ್ಚು, ಹೊತ್ತಿದ್ದು 240 ಚಕ್ರದ ಗಾಡಿ. ಬಸ್ಸಲ್ಲಿ ಒಂದು ಹಗಲಿನ ದಾರಿ. ಅದು ಈಜಿಪುರ ತಲುಪುವಾಗ 2019ರ ಜೂನ್! ದಾರಿಯಲ್ಲಿ ಕೆಲವು ಕಟ್ಟಡಗಳ ಮುಂಭಾಗ ಒಡೆದರು, ಹೊಸೂರಿನ ಹತ್ತಿರ ಸೇತುವೆ ಬಿಟ್ಟು ಪಕ್ಕದಲ್ಲಿ ಮಣ್ಣಿನ ದಾರಿ ಮಾಡಿದರು. ಆಗ ನಾವೆಲ್ಲ ಚಕ್ರ ಎಣಿಸಿ ಬೆರಗಾದೆವು. ಅಷ್ಟು ಚಕ್ರ ಇದ್ದದ್ದು ಭಾರವನ್ನು ಹಂಚೋಕೆ. ಹೈಡ್ರಾಲಿಕ್ ಟ್ರೇಲರ್‌ನಲ್ಲಿ ಆಕ್ಸಲ್‌ಗೆ ಎಂಟು ಚಕ್ರ, ಅಂದರೆ 30 ಆಕ್ಸಲ್. 300 ಟನ್ ಅಂದರೂ ಕಲ್ಲಿನ ಪಾಲು ಆಕ್ಸಲ್‌ಗೆ ಹತ್ತು ಟನ್, ಮೇಲೆ ಗಾಡಿಯ ಸ್ವಂತ ತೂಕ.

ಇಂಥ ಗಾಡಿಗಳಿಗೆ ಹೆಚ್ಚು ಕಟ್ಟುಪಾಡು ಇರೋದು ಸೇತುವೆ ಮೇಲೆ. ಗಂಟೆಗೆ 5 ಕಿಲೋಮೀಟರ್ ವೇಗ, ರಸ್ತೆಯ ನಡುಮಧ್ಯದಲ್ಲೇ ಹೋಗಬೇಕು, ಬ್ರೇಕ್ ಹಾಕಬಾರದು, ಆ ಹೊತ್ತಲ್ಲಿ ಬೇರೆ ಗಾಡಿ ಇರಬಾರದು. ನಮ್ಮನ್ನು ಹತ್ತು ನಿಮಿಷ ತಡೆದು ನಿಲ್ಲಿಸಿದಾಗ ಹಾರ್ನ್ ಬಾರಿಸುತ್ತೀವಲ್ಲ, ಅದು ಇದಕ್ಕೇ. ಹೆದ್ದಾರಿಯವರ ಜೊತೆಗೆ ಆರ್‌ಟಿಒ, ಪೊಲೀಸ್, ಕರೆಂಟ್ ತಂತಿ ಎತ್ತಬೇಕಾದರೆ ಎಸ್ಕಾಂ, ಗೇಟ್ ದಾಟಬೇಕಾದರೆ ರೈಲ್ವೆ.

ಹಿರಿಯೂರಿನಾಚೆಯ ಒಂದು ಢಾಬಾದಲ್ಲಿ ಇಂಥ ರೆಕ್ಕೆ ಲಾರಿಯ ಡ್ರೈವರ್ ಒಬ್ಬರು ಟೀ ಕುಡಿಯುತ್ತಿದ್ದರು. ಎಷ್ಟು ಭಾರ ಅಣ್ಣ ಅಂದೆ. ನಕ್ಕರು. ‘ಭಾರ ಎಲ್ಲಿ ಮೇಡಂ, ಬರೀ ಉದ್ದ. ಹಿಂದೆ ನೋಡಿ, ಆ ಟಿಪ್ಪರ್ ನನಗಿಂತ ಭಾರ ಇರುತ್ತೆ.’ ಅವರು ಹೇಳಿದ್ದು ತಮಾಷೆಯಲ್ಲ. 60 ಮೀಟರ್ ದಾಟಿದ ರೆಕ್ಕೆ ಕೂಡ ಫೈಬರ್‌ನದ್ದು, ಸಾಮಾನ್ಯವಾಗಿ 15-20 ಟನ್ ಇರುತ್ತೆ. ಹತ್ತು ಚಕ್ರದ ಟಿಪ್ಪರ್‌ಗೆ ಕಾನೂನು ಕೊಟ್ಟ ಮಿತಿಯೇ ಗಾಡಿ ಸೇರಿ 28 ಟನ್ ಆಸುಪಾಸು. ತುಂಬುವವರು ಅಲ್ಲಿಗೇ ನಿಲ್ಲಿಸಿದರೆ ತಾನೆ?

ರಸ್ತೆ ಎಂಜಿನಿಯರುಗಳ ಒಂದು ಹಳೇ ಲೆಕ್ಕ ಇದೆ. ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ನಾಲ್ಕನೇ ಘಾತದಂತೆ ಏರುತ್ತೆ. ಬಿಡಿಸಿ ಹೇಳೋದಾದರೆ, ಆಕ್ಸಲ್ ಮೇಲೆ ಅರ್ಧ ಪಟ್ಟು ಜಾಸ್ತಿ ಹೇರಿದರೆ ಹಾನಿ ಸುಮಾರು ಐದು ಪಟ್ಟು. ಎರಡು ಪಟ್ಟು ಹೇರಿದರೆ ಹದಿನಾರು ಪಟ್ಟು. ಹೊಸ ಡಾಂಬರು ಒಂದು ಮಳೆಗಾಲಕ್ಕೆ ಕಿತ್ತು ಬಂದಾಗ ಕಂಟ್ರಾಕ್ಟರ್‌ನನ್ನು ಮಾತ್ರ ಬೈದು ಸುಮ್ಮನಾಗೋದು ನನಗೆ ಸರಿ ಅನ್ನಿಸಲ್ಲ. (ಅವನನ್ನೂ ಬೈಯೋಣ, ಬೇಡ ಅನ್ನಲ್ಲ.)

ಕಾನೂನು ಸಾಕಷ್ಟಿದೆ. ಮೋಟಾರು ವಾಹನ ಕಾಯ್ದೆಯ 194ನೇ ಕಲಂಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಓವರ್‌ಲೋಡ್‌ಗೆ 20,000 ರೂಪಾಯಿ ದಂಡ, ಹೆಚ್ಚುವರಿ ಟನ್‌ಗೆ ಇನ್ನೂ 2,000. ತೂಕಕ್ಕೆ ನಿಲ್ಲಿಸದೆ ಹೋದರೆ 40,000. ಹತ್ತು ಟನ್ ಹೆಚ್ಚು ತುಂಬಿದವನಿಗೂ ಅಷ್ಟೇ ಬೀಳುತ್ತೆ ಅನ್ನೋದು ಬೇರೆ ಮಾತು. ದಂಡ ಕಟ್ಟಿದ ತಕ್ಷಣ ಗಾಡಿ ಬಿಡುವಂತೆಯೂ ಇಲ್ಲ, ಹೆಚ್ಚಿನ ಸರಕು ಇಳಿಸಿದ ಮೇಲೆಯೇ ಹೊರಡಬೇಕು. ದಂಡ ಅನ್ನೋದು ಮುಂದಕ್ಕೆ ಹೋಗಲು ಪರವಾನಗಿ ಅಲ್ಲ ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಇನ್ನೊಂದು ಮಾತನ್ನು ನಾವು ಗಮನಿಸಲ್ಲ: ಆ ಕಲಂ ಓಡಿಸಿದವನಿಗಷ್ಟೇ ಅನ್ವಯಿಸಲ್ಲ. ಓಡಿಸಲು ಕಾರಣರಾದವರಿಗೂ ಓಡಿಸಲು ಬಿಟ್ಟವರಿಗೂ ಅನ್ವಯಿಸುತ್ತೆ.

ನಮ್ಮ ಭಾವ ನೆಲಮಂಗಲದ ಕಡೆ ಮನೆ ಕಟ್ಟಿಸ್ತಿದ್ದಾರೆ. ಹೋದ ತಿಂಗಳು ಫೋನಲ್ಲಿ ಖುಷಿಯೋ ಖುಷಿ. ‘ಎಂ-ಸ್ಯಾಂಡ್‌ನವನು ಒಂದು ಲೋಡ್ ರೇಟಲ್ಲಿ ಒಂದೂವರೆ ಲೋಡ್ ಹಾಕಿಸಿಕೊಟ್ಟ ಕಣಮ್ಮ!’ ಅಂದರು. ಅದೇ ಫೋನಲ್ಲಿ ಎರಡು ನಿಮಿಷ ಬಿಟ್ಟು, ಲೇಔಟ್ ರಸ್ತೆ ಕುಸಿದು ನೀರಿನ ಪೈಪ್ ಒಡೆದಿದೆ, ಪಂಚಾಯ್ತಿಯವರು ತಿರುಗಿಯೂ ನೋಡ್ತಿಲ್ಲ ಅಂತ ಬೇಜಾರು ಮಾಡ್ಕೊಂಡರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ ಭಾವ ಅಂದೆ.

ಲೋಡ್ ಲೆಕ್ಕದಲ್ಲಿ ಕೊಳ್ಳುವವರೆಗೆ ಹೆಚ್ಚು ತುಂಬಿದವನೇ ಒಳ್ಳೆಯವನು. ಟನ್ ಲೆಕ್ಕದಲ್ಲಿ ಕೊಂಡು ವೇಬ್ರಿಡ್ಜ್ ಚೀಟಿ ಕೇಳಿದರೆ ಎಷ್ಟು ಬಂತು ಅನ್ನೋದು ನಮಗೂ ಗೊತ್ತಾಗುತ್ತೆ, ತುಂಬುವ ಕೈಯೂ ತಡೆಯುತ್ತೆ. ಭಾವ ಈ ವಾರ ಕೇಳಿದರಂತೆ. ‘ಚೀಟಿ ಬೇಕಾದರೆ ಎರಡು ಟ್ರಿಪ್ ಆಗುತ್ತೆ ಸಾರ್, ಬಾಡಿಗೆ ಜಾಸ್ತಿ’ ಅಂದನಂತೆ ಅವನು. ಎಷ್ಟು ಜಾಸ್ತಿ ಅಂತ ಭಾವ ಈಗ ಲೆಕ್ಕ ಹಾಕ್ತಿದ್ದಾರೆ. ಪೈಪ್ ರಿಪೇರಿಗೆ ಲೇಔಟಿನವರು ಮನೆಗಿಷ್ಟು ಅಂತ ಕೇಳಿದ ದುಡ್ಡನ್ನೂ ಪಕ್ಕದಲ್ಲಿ ಬರೆದುಕೊಳ್ಳಿ ಅಂದಿದ್ದೀನಿ.