ಪಂಕ್ತಿ ಕೂತಾಗಿದೆ, ಬಡಿಸ್ರಿ!

ಮದುವೆ ಸೀಸನ್‌ನಲ್ಲಿ ಬೀದರ್ ಜಿಲ್ಲೆಯ ಚಿಟಗುಪ್ಪ, ಹುಮನಾಬಾದ್, ಬಸವಕಲ್ಯಾಣದ ಓಣಿಗಳಲ್ಲಿ ದೊಡ್ಡ ಹಂಡೆಗಳು ಒಲೆ ಏರುತ್ತವೆ. ತಳದಲ್ಲಿ ಅನ್ನ ಸೀದಿರುತ್ತದೆ, ಮೇಲೆ ಅಕ್ಕಿ ಇನ್ನೂ ಗಟ್ಟಿ. ಕೋಳಿಯ ತುಂಡು ಮುರಿದರೆ ಮೂಳೆಯ ಬಳಿ ಕೆಂಪು ನೀರು. ಅಷ್ಟರಲ್ಲಿ ಕೂಗು: ‘ಪಂಕ್ತಿ ಕೂತಾಗಿದೆ, ಬಡಿಸ್ರಿ!’

ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಈ ಅವಸರವೇ. ಕೋಳಿ ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಹೊರಗಿನ ಮಸಾಲೆಯ ಬಣ್ಣ ನಂಬುವಂಥದ್ದಲ್ಲ. ಬೆಂದ ಅನ್ನವನ್ನೂ ಪೂರ್ತಿ ನಂಬುವಂತಿಲ್ಲ. ಅದರಲ್ಲಿ ಉಳಿಯುವ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ಬೀಜಾಣು ಕುದಿತಕ್ಕೂ ಬಗ್ಗದು. ರಾತ್ರಿಯ ಅನ್ನ ಬೆಳಗಿನ ತನಕ ಹಂಡೆಯಲ್ಲೇ ಬೆಚ್ಚಗಿದ್ದರೆ ವಿಷ ಕಟ್ಟಬಹುದು, ಮತ್ತೆ ಬಿಸಿ ಮಾಡಿದರೂ ಅದು ಹೋಗದು.

ವಾಂತಿ-ಭೇದಿ ಶುರುವಾದರೆ ತಪ್ಪನ್ನು ಬಿಸಿಲಿನ ಮೇಲೆ, ನೀರಿನ ಮೇಲೆ, ಕಡೆಗೆ ಕಣ್ಣುದೃಷ್ಟಿಯ ಮೇಲೆ ಹಾಕಿ ಮುಗಿಸುವುದು ನಮ್ಮ ರೂಢಿ. ಕಾನೂನು ಹಾಗೆ ಬಿಡುವುದಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 65ನೇ ಕಲಂ ಪ್ರಕಾರ, ಮಾರಿದ ಆಹಾರದಿಂದ ಸಾವು ಸಂಭವಿಸಿದರೆ ಕನಿಷ್ಠ 5 ಲಕ್ಷ, ತೀವ್ರ ಹಾನಿಯಾದರೆ 3 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸಬಹುದು. ಹಣ ಪಡೆದು ಅಡುಗೆ ಮಾಡುವ ಕೇಟರಿಂಗ್‌ನವರೂ ಇದರ ಹೊರಗಿಲ್ಲ. ಆದರೆ ಒಲೆ ಮುಂದೆ ಬೆವರುವ ಅಡುಗೆಯವನನ್ನಷ್ಟೇ ಹಿಡಿಯುವುದು ಅನ್ಯಾಯ. ಗಡಿಯಾರ ತೋರಿಸಿ ಅವಸರಪಡಿಸಿದ ಯಜಮಾನರ ಪಾಲೂ ಇದೆ.

ಬಡಿಸುವ ಮುನ್ನ ನೋಡುವ ಮಾದರಿ ನಮ್ಮಲ್ಲೇ ಇದೆ: 2002ರಲ್ಲಿ ಬೀದರ್ ಸೇರಿ ಏಳು ಜಿಲ್ಲೆಗಳಲ್ಲಿ ಮೊದಲು ಶುರುವಾದ ಶಾಲಾ ಬಿಸಿಯೂಟ ಯೋಜನೆ, ಅಕ್ಷರ ದಾಸೋಹ. ಅಲ್ಲಿ ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಬೇಕು. ಮದುವೆಮನೆಯಲ್ಲೂ ಹಂಡೆಯ ನಡುವಿನಿಂದ ಒಂದು ತುಂಡು ತೆಗೆದು ಮುರಿದು ನೋಡಲು ಎಷ್ಟು ಹೊತ್ತು ಬೇಕು?